ಗೋಣೆಪ್ಪನ ಹೊಂಡದಲ್ಲಿ ಹಡಗು

ರಾಣೆಬೆನ್ನೂರು
೮ ಜನವರಿ ೨೦೨೫

ಸಮುದ್ರದಲ್ಲಿ ಉಕ್ಕಿನ ಪೈಪು ಹಾಕುವ ಹೆಂಡತಿ ಶಿಲ್ಪಾಳಿಗೆ, ಪೇಟೆಯಲ್ಲಿ ಡ್ರಿಪ್ ಪೈಪು ಮಾರುವ ಗಂಡ ಯುವರಾಜನ ನಮಸ್ಕಾರ ಮತ್ತು ಬಹಳಷ್ಟು ಪ್ರೀತಿ.

ಈ ಕಾಲದಲ್ಲಿ ಪತ್ರ ಯಾಕೆ ಎಂದು ನಗಬೇಡ. ನಿನ್ನ ಹಡಗಿನಿಂದ ಫೋನು ಬರುವುದೇ ವಾರಕ್ಕೊಮ್ಮೆ. ಬಂದರೆ ಅವ್ವ ಕಸಿದುಕೊಂಡು ಓಣಿಯ ಸುದ್ದಿಯನ್ನೆಲ್ಲ ಹೇಳಿ ಮುಗಿಸುವಷ್ಟರಲ್ಲಿ ಲೈನು ಕಟ್ಟಾಗುತ್ತದೆ. ನನ್ನ ಪಾಲಿಗೆ ಉಳಿಯುವುದು ‘ಹಲೋ’ ಒಂದೇ. ರಜೆಗೆಂದು ಬ್ಯಾಡಗಿಗೆ ಬಂದಿದ್ದ ನಿಮ್ಮ ಹಡಗಿನ ವೆಲ್ಡರ್ ಅಸ್ಲಮ್ ನಾಳೆ ಮರಳಿ ಹೊರಟಿದ್ದಾನೆ. ಅವನ ಚೀಲದಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಜೊತೆಗೆ ಈ ಪತ್ರ. ರೊಟ್ಟಿ ಪುಡಿಯಾಗಿದ್ದರೆ ಅಸ್ಲಮನನ್ನು ಕೇಳು, ನನ್ನನ್ನಲ್ಲ.

ಈಗ ಮುಖ್ಯ ಮಾತು. ಪೈಪು ಆಚೆ ದಂಡೆ ಮುಟ್ಟುವವರೆಗೆ, ಅಂದರೆ ಮಳೆಗಾಲದ ತನಕ, ಹಡಗಿನಲ್ಲೇ ಇದ್ದು ನಿನ್ನ ವಿಭಾಗದ ಮುಖ್ಯಸ್ಥೆಯಾಗು ಎಂದು ಕರೆದಿದ್ದಾರೆ, ಒಪ್ಪಲೋ ಬಿಡಲೋ ಎಂದು ಹೋದ ವಾರ, ಅವ್ವ ಮನೆಯಲ್ಲಿಲ್ಲದಾಗ ಫೋನು ಮಾಡಿ ನೀನು ಕೇಳಿದ್ದೆ. ಅವ್ವ ಒಲ್ಲೆ ಅನ್ನುತ್ತಾಳೆ ಎಂದು ನಾನು ಹೇಳಿದೆ. ನೀನು ‘ಆತು, ಬಿಡ್ರಿ’ ಎಂದೆ. ಆ ‘ಬಿಡ್ರಿ’ ವಾರವೆಲ್ಲ ನನ್ನನ್ನು ಚುಚ್ಚಿತು, ಖರೇ ಹೇಳುತ್ತೇನೆ. ಎಷ್ಟು ಓದಿ, ಎಷ್ಟು ಮಂದಿಯ ಬಾಯಿ ಮುಚ್ಚಿಸಿ ಅಲ್ಲಿಗೆ ಹೋದವಳು ನೀನು! ಆದರೆ ಅವ್ವನ ಮಾತು ಮೀರುವುದು ಹೇಗೆ?

ಅಷ್ಟರಲ್ಲಿ ಕುಪ್ಪೇಲೂರಿನ ಗೋಣೆಪ್ಪ ಅಂಗಡಿಗೆ ಬಂದ. ನನ್ನ ಹಳೆಯ ಗಿರಾಕಿ, ಕೇಳದೆ ಬಿಡುವ ಆಸಾಮಿಯಲ್ಲ. ‘ನಿಮ್ಮ ಮನಿಯವ್ರು ನೀರಾಗ ಪೈಪು ಹಾಕ್ತಾರಂತ, ಒಳಗ ಗ್ಯಾಸ್ ಅಂತ. ಹಂಗಾದ್ರ ಅದು ತೇಲಂಗಿಲ್ಲೇನ್ರಿ?’ ಎಂದ. ನೀನು ಹೇಳಿದ್ದನ್ನೇ ನನ್ನದೆಂಬಂತೆ ಹೇಳಿದೆ: ಉಕ್ಕಿನ ಪೈಪಿಗೆ ಕಾಂಕ್ರೀಟಿನ ಅಂಗಿ ತೊಡಿಸಿರುತ್ತಾರೆ, ಆ ಭಾರಕ್ಕೆ ಮುಳುಗುತ್ತದೆ, ಹಡಗಿನ ಮೇಲೆ ತುಂಡಿಗೆ ತುಂಡು ಬೆಸೆಯುತ್ತ ಹಿಂಬದಿಯಿಂದ ಇಳಿಸುತ್ತ ಹೋಗುತ್ತಾರೆ. ಗೋಣೆಪ್ಪ ನಂಬಲಿಲ್ಲ. ತನ್ನ ಹೊಂಡದಲ್ಲೇ ಮಾಡಿ ತೋರಿಸು ಎಂದು ಪಟ್ಟು ಹಿಡಿದ. ನನಗೂ ಹುರುಪು ಬಂತು.

ಭಾನುವಾರ ಅವ್ವನನ್ನೂ ಬೈಕಿನ ಮೇಲೆ ಕೂರಿಸಿಕೊಂಡು ಹೋದೆ. ಗೋಣೆಪ್ಪನ ಕೃಷಿ ಹೊಂಡದಲ್ಲಿ ಎರಡು ಖಾಲಿ ಡ್ರಮ್ಮಿನ ಮೇಲೆ ಹಲಗೆ ಕಟ್ಟಿದೆವು. ಅದೇ ನಿನ್ನ ಹಡಗು. ಕರಿ ಪೈಪಿನ ಉದ್ದಕ್ಕೂ ಸಣ್ಣ ಸಣ್ಣ ಕಲ್ಲು ಕಟ್ಟಿದೆವು, ಅದೇ ಕಾಂಕ್ರೀಟು. ಅವ್ವ ಸೀರೆ ಮೇಲಕ್ಕೆ ಸಿಗಿಸಿ, ದಂಡೆಯಲ್ಲಿ ನಿಂತು ಪೈಪಿನ ಬಾಲ ಜಗ್ಗಿ ಹಿಡಿದಳು. ನಾನು ಹಲಗೆಯ ಮೇಲಿಂದ ಮೆಲ್ಲಗೆ ಬಿಡುತ್ತ ಬಂದೆ. ಪೈಪು ಎಷ್ಟು ಚಂದ ಬಾಗಿ ತಳಕ್ಕೆ ಇಳಿಯಿತು ಅನ್ನುತ್ತೀ! ಗೋಣೆಪ್ಪ ಶಿಳ್ಳೆ ಹೊಡೆದ. ಅಷ್ಟರಲ್ಲಿ ಒಂದು ಆಡು ನಮ್ಮ ಬುತ್ತಿಗೆ ಬಾಯಿ ಹಾಕಿತೆಂದು ಅವ್ವ ಕೈ ಬಿಟ್ಟಳು ನೋಡು, ಪೈಪು ಸರ್ರನೆ ಓಡಿ ಹಲಗೆಯ ಅಂಚಿನಲ್ಲಿ ಮಡಚಿ ಹಾಳಾಯಿತು. ಅದನ್ನು ಹಿಡಿಯಲು ದಂಡೆಗೆ ಹಾರಿದ ನಾನು ಹೊಂಡಕ್ಕೆ ಹಾಸಿದ ಪ್ಲಾಸ್ಟಿಕ್ ಹಾಳೆಯ ಮೇಲೆ ಜಾರಿ ನೀರೊಳಗೆ. ಗೋಣೆಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ.

ಹೊರಗೆ ಬಂದು ಅವ್ವನಿಗೆ ತಿಳಿಸಿ ಹೇಳಿದೆ. ಹಡಗಿನ ಮೇಲೆ ಹೀಗೆ ಪೈಪನ್ನು ಜಗ್ಗಿ ಹಿಡಿಯುವ ದೊಡ್ಡ ಯಂತ್ರಗಳಿವೆ, ಹಿಡಿತ ಸಡಿಲಾದರೆ ಸಮುದ್ರದಲ್ಲೂ ಪೈಪಿಗೆ ಇದೇ ಗತಿ, ಅವುಗಳನ್ನು ನೋಡಿಕೊಳ್ಳುವುದೇ ಶಿಲ್ಪಾಳ ಕೆಲಸ ಎಂದೆ. ಅವ್ವ ಮಡಚಿದ ಪೈಪನ್ನು ತಿರುವಿ ತಿರುವಿ ನೋಡಿದಳು. ಆಮೇಲೆ, ‘ಹಂಗಾದ್ರ ಅಕಿ ನಡುವ ಹೆಂಗ ಬಿಟ್ಟು ಬರ್ತಾಳ? ಮುಗಿಸೇ ಬರ್ಲಿ’ ಎಂದಳು.

ಹೀಗೆ ಅವ್ವ ಒಪ್ಪಿದಳು. ಪತ್ರ ಓದಿದ ಕೂಡಲೇ ಹೋಗಿ ಹ್ಞೂಂ ಎಂದು ಹೇಳಿಬಿಡು. ನನ್ನ ಚಿಂತೆ ಬೇಡ, ನಾನು ಆರಾಮ ಇದ್ದೇನೆ, ಊಟ ನಿದ್ದೆ ಎಲ್ಲ ಸರಿಯಾಗಿದೆ. ನಿನ್ನ ನೆನಪು ಆಗಾಗ ಬರುತ್ತದೆ, ಅಷ್ಟೇ.

ನಿನ್ನವನೇ ಆದ
ಯುವರಾಜ

ತಾ.ಕ.: ಶಿಲ್ಪಾ, ಇದನ್ನ ಬರಿಯಾಕತ್ತಾಕಿ ನಿಮ್ಮ ಅತ್ತಿ ಬಸವಣ್ಣೆವ್ವ. ಪಾಕೀಟು ಅಂಟಿಸಿರಲಿಲ್ಲ, ರೊಟ್ಟಿ ಕಟ್ಟುವಾಗ ಕನ್ನಡಕ ಹಾಕ್ಕೊಂಡು ಎಲ್ಲಾ ಓದಿದೆ. ನಾ ಯಾವತ್ತ ಒಲ್ಲೆ ಅಂದೇನವಾ? ಮೊದಲನೇ ದಿನಾನ ‘ಅಂಥಾ ಕೆಲಸ ಯಾರಿಗೆ ಸಿಗತೈತಿ, ಇರ್ಲಿ ಬಿಡೋ’ ಅಂದಾಕಿ ನಾನು. ಒಲ್ಲೆ ಅಂದಾವ ನಿನ್ನ ಗಂಡ. ಹೊಂಡದ ಕಡೆ ನಾ ಬೇವಿನ ಗಿಡದ ನೆರಳಾಗ ಕುಂತಿದ್ದೆ. ಹಲಗಿ ಮ್ಯಾಲೆ ಇದ್ದಾವ ಗೋಣೆಪ್ಪ. ದಂಡಿ ಮ್ಯಾಲೆ ಪೈಪು ಜಗ್ಗಿ ಹಿಡಿದಾವನೂ ನಿನ್ನ ಗಂಡನೇ, ಫೋನ್ ಸದ್ದಾತಂತ, ನಿಂದ ಅಂತ ತಿಳದು ಕೈ ಬಿಟ್ಟಾವನೂ ಅವನೇ. ನಿಂದಲ್ಲ, ಸಿಮ್ ಕಂಪನಿಯವರ ಫೋನು ಅದು. ನೀರಾಗಿಂದ ಎದ್ದು ಬಂದು ‘ಅವ್ವಾ, ಅಕಿ ಮುಗಿಸೇ ಬರ್ಲಿ’ ಅಂದ. ಮಾರಿ ತೊಯ್ದಿತ್ತಲ್ಲ, ಅತ್ತದ್ದು ನನಗ ಗೊತ್ತಾಗಿಲ್ಲ ಅಂತ ತಿಳಕೊಂಡಾನ.