ಸೀನದ ಸಂಜೆ

ಏಪ್ರಿಲ್ ೧೪, ಭಾನುವಾರ ಮಧ್ಯಾಹ್ನ

ಮುದ್ದು ಪಾಪು,

ನೀನು ಬೈಯುವ ಮೊದಲೇ ನಾನೇ ಬೈದುಕೊಂಡುಬಿಡುತ್ತೇನೆ: ನಾನು ಶುದ್ಧ ಸೋಮಾರಿ, ನಿನ್ನ ಕಾಗದ ಬಂದು ತಿಂಗಳು ಕಳೆದರೂ ಒಂದು ಸಾಲು ಗೀಚಲಿಲ್ಲ, ನನ್ನಂಥ ಅಕ್ಕ ಇದ್ದರೆಷ್ಟು ಬಿಟ್ಟರೆಷ್ಟು. ಆಯಿತಲ್ಲ? ಈಗ ಸಮಾಧಾನವಾಗಿ ಕೂತು ಓದು. ಮಗುವಿನ ಎರಡೂ ಕೆನ್ನೆಗೆ ನನ್ನ ಮುತ್ತು. ಹಲ್ಲು ಬರುವಾಗ ರಚ್ಚೆ ಹಿಡಿಯುವುದು ಇದ್ದದ್ದೇ. ಆ ವಯಸ್ಸಿನಲ್ಲಿ ನೀನು ಹಿಡಿಯುತ್ತಿದ್ದ ರಚ್ಚೆ ನೋಡಿದವಳು ನಾನು, ನಿನ್ನ ಮಗ ಸಾಧುಪ್ರಾಣಿ.

ನೀನು ಕೇಳಿದ್ದು ಎರಡೇ. ಅಕ್ಕನ ಮೂಗು ಹೇಗಿದೆ, ಅಮ್ಮ ಹೇಗಿದ್ದಾಳೆ. ಮೂಗಿನ ವಿಷಯ ಮೊದಲು. ಪಾಪು, ನಿನ್ನೆ ನಾನು ಸೀನಲಿಲ್ಲ ಕಣೇ! ಪರದೆ ಎದ್ದಾಗಿನಿಂದ ಬೀಳುವ ತನಕ, ಹೆಸರಿಗೊಂದು ಸೀನು ಕೂಡ ಇಲ್ಲ. ಇದನ್ನು ಬರೆಯುವಾಗಲೂ ನನಗೆ ನಂಬಿಕೆ ಬರುತ್ತಿಲ್ಲ.

ಇಷ್ಟಕ್ಕೆಲ್ಲ ಇವಳು ಯಾಕೆ ಕುಣಿಯುತ್ತಿದ್ದಾಳೆ ಅಂದುಕೊಳ್ಳಬೇಡ. ಹೋದ ವರ್ಷದ್ದನ್ನು ಫೋನಿನಲ್ಲಿ ಅರ್ಧಂಬರ್ಧ ಹೇಳಿದ್ದೆ. ಅಮ್ಮನಿಗೆ ಈಚೆಗೆ ನಾಟಕದ ಮಾತು ಮರೆಯುವುದು ನಿನಗೆ ಗೊತ್ತು. ಆ ಮುದಿ ರಾಣಿಯ ಪಾತ್ರವನ್ನು ಅವಳು ನಾವು ಹುಟ್ಟುವ ಮೊದಲಿನಿಂದ ಮಾಡಿಕೊಂಡು ಬಂದಿದ್ದಾಳೆ, ಆದರೂ ಸಾಲಿನ ನಡುವೆ ನಿಂತುಬಿಡುತ್ತಾಳೆ. ಆಗ ಪಕ್ಕದ ಪರದೆಯ ಮರೆಯಲ್ಲಿ ಸ್ಟೂಲಿನ ಮೇಲೆ ಕೂತ ನಾನು ಒಂದು ಪದ ಪಿಸುಗುಟ್ಟಬೇಕು. ಪ್ರಾಂಪ್ಟರ್ ಎಂದರೆ ಪುಸ್ತಕ ನೋಡಿ ಓದುವವಳು ಎಂದು ಜನ ತಿಳಿದಿದ್ದಾರೆ. ಓದುವುದಕ್ಕೆ ಪುರುಸೊತ್ತು ಎಲ್ಲಿದೆ! ನಾನು ನೋಡುವುದು ಅಮ್ಮನ ಬೆನ್ನನ್ನು. ಅವಳ ಮೌನದಲ್ಲಿ ಎರಡು ಬಗೆ. ಭುಜ ಮೇಲೆದ್ದರೆ ಅದು ನಟನೆ, ಆಗ ಬಾಯಿ ಬಿಟ್ಟರೆ ನನ್ನ ಕಥೆ ಮುಗಿಯಿತು. ಎಡಗೈ ಹೆಬ್ಬೆರಳು ಸೆರಗನ್ನು ಉಜ್ಜತೊಡಗಿದರೆ ಅದು ಮರೆವು, ಆಗ ಸುಮ್ಮನಿದ್ದರೆ ಅವಳ ಕಥೆ ಮುಗಿಯಿತು. ಬೇರೆಯವರನ್ನು ಕೂರಿಸಿ ನೋಡಿದರು, ಗಂಡಸಿನ ಗಂಟಲು ಕೇಳಿ ಅಮ್ಮ ಇನ್ನಷ್ಟು ಗಲಿಬಿಲಿಗೊಂಡಳು. ಕಿವಿಗೆ ಸಣ್ಣ ಯಂತ್ರ ಸಿಕ್ಕಿಸಿದರು, "ಜಿರಳೆ ಹೊಕ್ಕಿದೆ" ಎಂದು ಕಿತ್ತೆಸೆದಳು. ಹಾಗಾಗಿ ನಾನೇ ಗತಿ.

ನಾನೋ, ಮರ ಹೂ ಬಿಡುವ ಈ ಕಾಲ ಬಂತೆಂದರೆ ಮನುಷ್ಯಳೇ ಅಲ್ಲ. ನಮ್ಮ ರಂಗಮಂದಿರದ ಪಕ್ಕದ ಬಾಗಿಲು ಅಂಗಳಕ್ಕೆ ತೆರೆಯುತ್ತದೆ. ಅಂಗಳದ ತುಂಬ ಆ ಮರಗಳು, ಕೊಂಬೆಕೊಂಬೆಗೂ ಇಲಿಬಾಲದಂಥ ಹೂವು. ಗಾಳಿ ಬೀಸಿದರೆ ಹಳದಿ ಪುಡಿ ಸೀದಾ ನನ್ನ ಮೂಗಿಗೆ. ದೀಪಗಳ ಸೆಕೆಗೆ ಬಾಗಿಲು ಮುಚ್ಚುವ ಹಾಗಿಲ್ಲ. ಹೋದ ವರ್ಷ ರಾಜನ ಹೆಣದ ಮುಂದೆ ರಾಣಿ ಮೌನವಾಗಿ ನಿಂತಿದ್ದಾಳೆ, ಸೂಜಿ ಬಿದ್ದರೂ ಕೇಳಬೇಕು, ಅಷ್ಟರಲ್ಲಿ ನಾನು ಆಕ್ಷೀ ಅಂದೆ. ಅಮ್ಮ ಏನು ಮಾಡಿದಳು ಗೊತ್ತಾ? ನಿಧಾನಕ್ಕೆ ತಿರುಗಿ, "ಯಾರಲ್ಲಿ? ಅರಸನ ಉಸಿರು ನಿಂತ ಗಳಿಗೆಯಲ್ಲಿ ಮೂಗಿಗೇನು ಅಷ್ಟು ಅವಸರ?" ಅಂದಳು. ಜನ ಅದೂ ನಾಟಕವೆಂದೇ ಚಪ್ಪಾಳೆ ತಟ್ಟಿದರು! ಆದರೆ ಮರಳಿ ಸಾಲಿಗೆ ಬರಲು ಅವಳಿಗೆ ದಾರಿ ಸಿಗಲಿಲ್ಲ. ನಾನು ಪದ ಕೊಡಲು ಹೋದರೆ ಮತ್ತೆ ಸೀನು, ಅದರ ಬೆನ್ನಿಗೆ ಇನ್ನೊಂದು. ಪರದೆ ಎಳೆಯಬೇಕಾಯಿತು.

ಮರುದಿನ ಔಷಧಿ ಅಂಗಡಿಯಿಂದ ಗುಳಿಗೆ ತಂದು ನುಂಗಿದೆ. ಸೀನು ನಿಂತಿತು, ಜೊತೆಗೆ ನಾನೂ ನಿಂತೆ. ಎರಡನೇ ಅಂಕದಲ್ಲಿ ಕಂಬಕ್ಕೊರಗಿ ಗೊರಕೆ ಹೊಡೆಯುತ್ತಿದ್ದೆನಂತೆ. ನಿರ್ದೇಶಕರು ಒಳ್ಳೆಯವರು, ಕೂಗಾಡಲಿಲ್ಲ. "ಅಮ್ಮಾವ್ರು ದೊಡ್ಡೋರು, ಅವರಿಗೆ ಹೇಳೋಷ್ಟು ದೊಡ್ಡೋನಲ್ಲ ನಾನು. ಆದ್ರೆ ಮುಂದಿನ ವರ್ಷಾನೂ ಹೀಗೇ ಆದ್ರೆ ರಾಣಿ ಪಾತ್ರ ಬೇರೆಯವರಿಗೆ ಕೊಡದೆ ವಿಧಿಯಿಲ್ಲ. ಮೊದಲನೇ ಪ್ರದರ್ಶನ ನೋಡಿ ತೀರ್ಮಾನ ಮಾಡ್ತೀನಿ" ಅಂದರು. ಆ ಪಾತ್ರ ಹೋದರೆ ಅಮ್ಮನಲ್ಲಿ ಇನ್ನೇನು ಉಳಿಯುತ್ತದೆ, ನೀನೇ ಹೇಳು. ಅದೆಲ್ಲ ಈಗ ನನ್ನ ಈ ದರಿದ್ರ ಮೂಗಿನ ಮೇಲೆ ನಿಂತಿತ್ತು.

ಅಲ್ಲಿಂದ ಶುರುವಾಯಿತು ನೋಡು ನನ್ನ ಪ್ರಯೋಗ. ಪಕ್ಕದ ಮನೆಯಾಕೆ ದಿನಾ ಬೆಳಿಗ್ಗೆ ಒಂದು ಚಮಚ ಜೇನು ನೆಕ್ಕಿಸಿದಳು: "ಇಲ್ಲೇ ಸುತ್ತಮುತ್ತಲಿನ ಹೂವಿಂದು, ಮೈಗೆ ಅಭ್ಯಾಸ ಆಗುತ್ತೆ." ಮೈಗೆ ಆದದ್ದು ಜೇನಿನ ಅಭ್ಯಾಸ. ನಮ್ಮ ಅತ್ತೆ ಕಂಬಳಿ ಹೊದಿಸಿ ಹಬೆ ಹಿಡಿಸಿದರು, ಮುಖ ಬದನೆಕಾಯಿ ಸುಟ್ಟ ಹಾಗಾಯಿತು. ಆಮೇಲೆ ಸೂಜಿ ವೈದ್ಯೆ. ಮೂಗಿನ ಅಕ್ಕಪಕ್ಕ, ಹುಬ್ಬಿನ ನಡುವೆ ಕೂದಲಷ್ಟು ಸಣ್ಣ ಸೂಜಿ ಚುಚ್ಚಿ ದೀಪ ಆರಿಸಿ ಹೋದಳು. ನಗಬೇಡ, ಎದ್ದಾಗ ಕಣ್ಣಿನ ತುರಿಕೆ ನಿಜವಾಗಿಯೂ ಕಡಿಮೆಯಾಗಿತ್ತು, ಎದೆ ಹಗುರವಾಗಿತ್ತು. ಖುಷಿಯಲ್ಲಿ ಹೊರಗೆ ಬಂದು ಅವಳ ಮೆಟ್ಟಿಲ ಮೇಲೆಯೇ ನಿಂತು ಸೀನಿದೆ. ನನ್ನ ಗಂಡ ಮಾತ್ರ "ಮೂಗು ಒತ್ತೆಯಿಟ್ಟು ಬೇರೆ ತಗೊಂಡು ಬಾ" ಎಂದು ಪೇಪರಿನ ಹಿಂದೆ ನಗುತ್ತಿದ್ದರು.

ಕೊನೆಗೆ ಅಲರ್ಜಿ ಡಾಕ್ಟರಮ್ಮನ ಹತ್ತಿರ ಹೋದೆ. ಆಕೆಯ ದನಿ ನಾಟಕಕ್ಕೆ ಹೇಳಿ ಮಾಡಿಸಿದ್ದು, ಕೊನೆಯ ಸಾಲಿಗೂ ಕೇಳಿಸುತ್ತದೆ. ನನ್ನ ಮುಂಗೈ ಮೇಲೆ ಬೇರೆ ಬೇರೆ ಹೂಪುಡಿಯ ಹನಿ ಸಾಲಾಗಿ ಇಟ್ಟು, ಪ್ರತಿ ಹನಿಯಲ್ಲೂ ಸಣ್ಣಗೆ ಚುಚ್ಚಿದರು. ಸ್ವಲ್ಪ ಹೊತ್ತಿಗೆ ಒಂದೇ ಒಂದು ಕಡೆ ಸೊಳ್ಳೆ ಕಚ್ಚಿದ ಹಾಗೆ ದಪ್ಪನೆ ಬಾತುಕೊಂಡಿತು. "ಇವನೇ ನೋಡಿ ನಿಮ್ಮವನು! ಬನ್ನಿ, ಮುಖ ನೋಡಿ" ಎಂದು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದರು.

ಪಾಪು, ಹೇಗೆ ಹೇಳಲಿ ನಿನಗೆ! ನಾನು ವರ್ಷಗಟ್ಟಲೆ ಶಪಿಸಿದ ಆ ಹಳದಿ ಧೂಳು, ಅದರ ಒಂದೊಂದು ಕಣವೂ ಒಂದು ದುಂಡನೆಯ ಪುಟ್ಟ ಲೋಕ. ಡಾಕ್ಟರಮ್ಮ ಹಾಕಿದ ಬಣ್ಣ ಮೈತುಂಬ ಹೀರಿಕೊಂಡು, ಅಂಚಿನಲ್ಲಿ ಅಳತೆ ಹಿಡಿದು ಕೊರೆದಂಥ ಮೂರು ಕಿಂಡಿ. ಪಕ್ಕದ ಕಣ ನೋಡಿದರೆ ಅದಕ್ಕೂ ಹಾಗೇ. ಯಾರು ಕೂತು ಕೆತ್ತಿದರು ಇದನ್ನು? ಯಾರೂ ನೋಡದ ಕಡೆ ಇಷ್ಟು ಅಂದ ಯಾಕೆ? ಮೈ ಜುಮ್ಮೆಂದಿತು. ಎಷ್ಟು ಹೊತ್ತು ಹಾಗೇ ಬಗ್ಗಿದ್ದೆನೋ, ಡಾಕ್ಟರಮ್ಮ ಬೆನ್ನು ತಟ್ಟಿ ಎಬ್ಬಿಸಿದರು. "ಇದು ಕೆಟ್ಟದ್ದಲ್ಲ ರೀ. ನಿಮ್ಮ ಮೈಯೂ ಕೆಟ್ಟದ್ದಲ್ಲ, ಪಾಪ, ತುಂಬಾ ನಿಯತ್ತಿಂದು. ಬಂದೋನು ಕಳ್ಳ ಅಂದ್ಕೊಂಡು ಮನೆ ಮಂದೀನೆಲ್ಲ ಎಬ್ಬಿಸ್ತಿದೆ ಅಷ್ಟೆ. ಪರಿಚಯ ಮಾಡಿಸೋಣ" ಅಂದರು.

ಪರಿಚಯ ಎಂದರೆ ಅದೇ ಪುಡಿಯ ಔಷಧಿ, ದಿನಾ ನಾಲಿಗೆಯ ಕೆಳಗೆ ಒಂದಿಷ್ಟು ಹನಿ. ಮೊದಲ ಸಲ ಅವರ ಕಣ್ಣೆದುರೇ ಹಾಕಿಸಿ, ಏನೂ ಆಗುವುದಿಲ್ಲವೆಂದು ಖಾತ್ರಿ ಮಾಡಿಕೊಂಡು ಮನೆಗೆ ಕಳಿಸಿದರು. ಚಳಿಗಾಲವಿಡೀ ತಪ್ಪದೆ ಹಾಕಿಕೊಂಡೆ. ಹೂ ಬಿಡುವ ಕಾಲ ಹತ್ತಿರವಾದಾಗ ಮೂಗಿಗೆ ಸ್ಪ್ರೇ ಶುರು. ಸೀನು ಬಂದಾಗ ಹೊಡೆಯುವುದಲ್ಲವಂತೆ, ಬರುವ ಮೊದಲಿನಿಂದ ದಿನಾ ಹೊಡೆಯಬೇಕಂತೆ. ಕುದಿಸಿ ಆರಿಸಿದ ಉಪ್ಪುನೀರಿನಲ್ಲಿ ಮೂಗು ತೊಳೆಯುವುದು, ಹೊರಗಿನಿಂದ ಬಂದ ಕೂಡಲೇ ತಲೆಗೆ ನೀರು ಹಾಕಿಕೊಳ್ಳುವುದು. ಸೂಜಿ ವೈದ್ಯೆಯನ್ನೂ ನಾನು ಬಿಡಲಿಲ್ಲ. "ಹೋಗಿ, ಅದ್ರಿಂದ ಸಮಾಧಾನ ಸಿಗುತ್ತೆ ಅಂದ್ರೆ ನಂದೇನೂ ಅಡ್ಡಿಯಿಲ್ಲ. ಸ್ಪ್ರೇ ಮಾತ್ರ ಬಿಟ್ರೆ ನೋಡಿ" ಎಂದರು ಡಾಕ್ಟರಮ್ಮ. ಜೇನು ರುಚಿಯಾಗಿರುವುದರಿಂದ ಅದೂ ನಡೆದಿದೆ.

ಇನ್ನು ನಿನ್ನೆಯದು. ನಿರ್ದೇಶಕರು ಮೊದಲ ಸಾಲಿನಲ್ಲಿ ಕೈಕಟ್ಟಿ ಕೂತಿದ್ದರು. ನನ್ನ ಪಕ್ಕದ ಬಾಗಿಲು ಹಾರು ಹೊಡೆದಿತ್ತು. ದೀಪದ ಬೆಳಕಿನ ಕೋಲಿನಲ್ಲಿ ಆ ಪುಡಿ ಬಂಗಾರದ ಹಾಗೆ ತೇಲುತ್ತಾ ನನ್ನ ಕಡೆಗೇ ಬರುತ್ತಿತ್ತು. ಉಸಿರು ಬಿಗಿಹಿಡಿದೆ. ಎಷ್ಟು ಹೊತ್ತು ಹಿಡಿಯಲಿ? ಬಿಟ್ಟೆ, ಎಳೆದುಕೊಂಡೆ. ಏನೂ ಆಗಲಿಲ್ಲ! ಬರೀ ಗಾಳಿ. ತಂಪಾಗಿ, ಸಲೀಸಾಗಿ ಒಳಗೆ ಹೋಯಿತು. ಹಳೆಯ ಮರದ ವಾಸನೆ, ಬಣ್ಣದ ವಾಸನೆ, ಅಂಗಳದ ಹಸಿ ಮಣ್ಣಿನ ವಾಸನೆ. ಇಷ್ಟು ವರ್ಷ ಇದೇ ಜಾಗದಲ್ಲಿ ಕೂತು ಈ ಕಾಲಕ್ಕೊಂದು ವಾಸನೆ ಇದೆಯೆಂದೇ ನನಗೆ ಗೊತ್ತಿರಲಿಲ್ಲ ಕಣೇ.

ಕೊನೆಯ ಅಂಕದಲ್ಲಿ ರಾಣಿ ಒಬ್ಬಳೇ ನಿಂತು ಆಡುವ ಆ ಉದ್ದನೆಯ ಮಾತು ಬಂತು. ಅರ್ಧಕ್ಕೆ ಅಮ್ಮ ನಿಂತಳು. ಭುಜ ಏಳಲಿಲ್ಲ. ಹೆಬ್ಬೆರಳು ಸೆರಗನ್ನು ಉಜ್ಜತೊಡಗಿತು. ನಾನು "ನದಿ" ಅಂದೆ, ಅಷ್ಟೇ, ಉಸಿರಿನಲ್ಲಿ. "ನದಿ..." ಎಂದಳು ಅಮ್ಮ. ಆ ಒಂದು ಪದದಿಂದ ಇಡೀ ನದಿಯೇ ಹರಿದುಬಂತು ಪಾಪು. ಆಮೇಲೆ ನನ್ನ ಸಹಾಯ ಅವಳಿಗೆ ಬೇಕಾಗಲೇ ಇಲ್ಲ. ಎಲ್ಲಿಟ್ಟಿದ್ದಳು ಅಷ್ಟನ್ನೂ? ನಾನು ಹುಟ್ಟಿದಾಗಿನಿಂದ ನೋಡಿದ ಹೆಂಗಸು, ಹಲ್ಲಿನ ಸೆಟ್ಟು ಎಲ್ಲಿಟ್ಟೆ ಎಂದು ಮನೆಯೆಲ್ಲ ಹುಡುಕಿಸುವ ಹೆಂಗಸು, ಅಲ್ಲಿ ಬೆಳಕಿನಲ್ಲಿ ನಿಂತು ಸಾವಿರ ಜನರ ಉಸಿರನ್ನು ಅಂಗೈಯಲ್ಲಿ ಹಿಡಿದಿದ್ದಳು. ನನಗೆ ಕೈ ಮುಗಿಯಬೇಕೆನಿಸಿತು, ಮುಗಿದೆ ಕೂಡ, ಕತ್ತಲಲ್ಲಿ ಯಾರು ನೋಡುತ್ತಾರೆ. ಪರದೆ ಬಿದ್ದದ್ದೇ ಜನ ಮಾಡು ಹಾರಿಹೋಗುವ ಹಾಗೆ ಚಪ್ಪಾಳೆ ತಟ್ಟಿದರು. ನಿರ್ದೇಶಕರು ಒಳಗೆ ಬಂದು, "ಈ ವರ್ಷ ಪೂರ್ತಿ ಅಮ್ಮಾವ್ರದ್ದೇ" ಅಂದರು.

ಸುದ್ದಿ ಹಬ್ಬಿದೆ. ಪಕ್ಕದ ಮನೆಯಾಕೆ ಜೇನಿನ ಮಹಿಮೆ ಅನ್ನುತ್ತಾಳೆ, ಸೂಜಿ ವೈದ್ಯೆ ಸೂಜಿಯದು ಅನ್ನುತ್ತಾಳೆ, ಅತ್ತೆ ಹಬೆಯದೇ ಎಂದು ಹಟ ಹಿಡಿದಿದ್ದಾರೆ. ಡಾಕ್ಟರಮ್ಮ ಮಾತ್ರ "ಇನ್ನೂ ಎರಡು ಮೂರು ವರ್ಷ ಹನಿ ಬಿಡೋ ಹಾಗಿಲ್ಲ" ಎಂದು ಗದರಿದರು.

ನೀನು, ನಿನ್ನವರು, ಮಗು ತಣ್ಣಗಿರಿ. ನಿನ್ನ ಮನೆಯಲ್ಲಿ ನಗು ತುಂಬಿರಲಿ, ಮಗ ನಿನಗಿಂತ ಎತ್ತರಕ್ಕೆ ಬೆಳೆಯಲಿ, ನಿನಗಿಂತ ಕಡಿಮೆ ಜಗಳಗಂಟನಾಗಲಿ.

ನಿನ್ನನ್ನು ಸದಾ ನೆನೆಯುವ
ಅಕ್ಕ

ತಾ.ಕ.: ಅಮ್ಮ ಹೇಗಿದ್ದಾಳೆ ಎಂದು ಕೇಳಿದ್ದಕ್ಕೆ ಉತ್ತರ ಬರೆಯಲಿಲ್ಲ, ನೋಡಿರುತ್ತೀ. ಬರೀ ನಾಟಕದ ಮಾತಲ್ಲ ಪಾಪು, ಬೇರೆಯದೂ ಮರೆಯುತ್ತಿದೆ. ಇವತ್ತು ಬೆಳಿಗ್ಗೆ ಸರಿಯಾಗಿಯೇ ಎದ್ದಳು, ನನ್ನನ್ನು ಕರೆದು ಕಾಫಿ ಕೇಳಿದಳು, ಹೆದರಬೇಡ. ನಾಳೆ ಅವಳಿಗೂ ಡಾಕ್ಟರ ಹತ್ತಿರ ಸಮಯ ತೆಗೆದುಕೊಂಡಿದ್ದೇನೆ. ಆದರೆ ನಿನ್ನೆ ನಾಟಕ ಮುಗಿದ ಮೇಲೆ ಬಣ್ಣದ ಕೋಣೆಯಲ್ಲಿ ಅವಳ ಮುಖ ಒರೆಸುತ್ತಿದ್ದೆ. ನನ್ನ ಕೈ ಹಿಡಿದುಕೊಂಡು, "ನಿಮ್ಮ ದನಿ ಚೆನ್ನಾಗಿದೆ ಅಮ್ಮಾ. ಸರಿಯಾದ ಹೊತ್ತಿಗೆ ಪದ ಕೊಟ್ರಿ. ನೀವು ಹೊಸಬರಾ?" ಅಂದಳು. ನನಗೆ, ಪಾಪು, "ನೀವು" ಅಂದಳು. "ನಾನಮ್ಮಾ, ನಿನ್ನ ದೊಡ್ಡ ಮಗಳು" ಅಂದೆ. ಸಣ್ಣಗೆ ನಕ್ಕು ತಲೆಯಾಡಿಸಿದಳು. "ಇಲ್ಲ ಇಲ್ಲ. ಈ ಕಾಲದಲ್ಲಿ ಅವಳು ಇಲ್ಲಿ ಕೂತ್ರೆ ಸೀನಿ ಸೀನಿ ಸಾಯ್ತಾಳೆ. ನೀವು ಒಂದು ಸಲಾನೂ ಸೀನಲಿಲ್ವಲ್ಲ." ಅವಳೆದುರು ನಿಂತು ಸುಳ್ಳು ಸೀನು ಸೀನಿದೆ. ಮತ್ತೊಂದು ಸೀನಿದೆ. ಅಮ್ಮ ತಲೆ ಓರೆ ಮಾಡಿ, ಹೊಸ ಹುಡುಗಿಯರಿಗೆ ಪಾಠ ಹೇಳುವಾಗಿನ ಆ ಮುಖ ಮಾಡಿ ನೋಡಿದಳು. "ಪರವಾಗಿಲ್ಲ ಅಮ್ಮಾ, ಆದ್ರೆ ನಿಜ ಅನ್ನಿಸಲ್ಲ. ಯಾವತ್ತಾದ್ರೂ ಮನೆಗೆ ಬನ್ನಿ, ನನ್ನ ಮಗಳನ್ನ ನೋಡಿ ಕಲೀರಿ" ಅಂದಳು. ಬೇಗ ಬಂದುಬಿಡು ಪಾಪು.