ನಲವತ್ತು ಕಪ್ಪು ಬ್ರೆಡ್ಡು

ಮಗಳ ಮನೆ, ಐದನೇ ಮಹಡಿ
ತಾರೀಖು ಹದಿನೇಳು, ಗುರುವಾರ ಬೆಳಿಗ್ಗೆ

ಪ್ರೀತಿಯ ಸೊಸೆಗೆ,

ಹೇಗಿದ್ದೀಯ ತಾಯಿ? ಬಲಗೈ ಮಣಿಕಟ್ಟಿನ ನೋವು ಇಳಿಯಿತೇ? ಹಿಟ್ಟು ನಾದುವಾಗ ಕೈಬಲ ಹಾಕಬೇಡ, ಮೈಭಾರ ಹಾಕು ಎಂದು ನೂರು ಸಲ ಹೇಳಿದ್ದೇನೆ. ಇದು ಬೈಗುಳವಲ್ಲ, ವಿಚಾರಿಸುವುದು. ನನ್ನ ಮಗರಾಯ ಹೊತ್ತು ಹೊತ್ತಿಗೆ ಉಣ್ಣುತ್ತಾನೆಂದು ಗೊತ್ತು, ಅವನ ಸುದ್ದಿ ಬೇಡ. ನೀನು ಉಣ್ಣುತ್ತೀಯೋ ಇಲ್ಲವೋ ಅದನ್ನು ತಿಳಿಸು. ನನ್ನ ಎಡಗಣ್ಣಿನ ಪೊರೆ ತೆಗೆದು ಇವತ್ತಿಗೆ ಹದಿಮೂರು ದಿನ. ಎದುರು ಮನೆಯ ಬಾಲ್ಕನಿಯಲ್ಲಿ ಒಣಗಿಸಿದ ಅಂಗಿಗೆ ಎಷ್ಟು ಗುಂಡಿ ಎಂದು ಇಲ್ಲಿಂದಲೇ ಎಣಿಸಬಲ್ಲೆ. ಡಾಕ್ಟರಮ್ಮ "ಬಗ್ಗಿ ಭಾರ ಎತ್ತಬೇಡಿ, ಬಿಸಿಲಿಗೆ ಹೋದರೆ ಕಪ್ಪು ಕನ್ನಡಕ ಹಾಕ್ಕೊಳ್ಳಿ" ಎಂದಿದ್ದಾರೆ. ಹಾಕಿಕೊಂಡು ಕನ್ನಡಿ ನೋಡಿದರೆ ಹಳೇ ಸಿನಿಮಾದ ಖಳನಾಯಕ ನಿಂತಿದ್ದ. ನಿನ್ನ ನಾದಿನಿ ಸೋಫಾದ ಮೇಲೆ ಬಿದ್ದು ಬಿದ್ದು ನಕ್ಕಳು.

ಫೋನ್ ಇರುವಾಗ ಕಾಗದ ಯಾಕೆ ಎನ್ನಬೇಡ. ನಾನು ಫೋನ್ ಮಾಡಿದಾಗೆಲ್ಲ "ಇವರಿಗೆ ಕೊಡ್ತೀನಿ ಮಾವ" ಎಂದು ಗಂಡನ ಕೈಗೆ ದಾಟಿಸಿಬಿಡುತ್ತೀಯ. ನೀನು ಬೇಯಿಸಿದ ನಲವತ್ತು ಬ್ರೆಡ್ಡನ್ನು ನಾನು ಸೀದಿವೆ ಎಂದು ಗಿರಾಕಿಗಳ ಎದುರೇ ಕಸದ ಡಬ್ಬಕ್ಕೆ ಸುರಿದೆನಲ್ಲ, ಆವತ್ತಿನಿಂದ ನಿನ್ನ ಬಾಯಿಂದ ಒಟ್ಟಿಗೆ ನಾಲ್ಕು ಮಾತು ಕೇಳಿಲ್ಲ. ಆ ವಿಷಯ ಈಗ ಬೇಡ. ಈಗಿನ ವಿಷಯ ಏನೆಂದರೆ, ದೊಡ್ಡ ಹೋಟೆಲಿನವರು ನಿನ್ನನ್ನು ಅವರ ಅಡುಗೆಮನೆಗೆ ಕರೆದಿದ್ದಾರೆ, ಸೋಮವಾರದೊಳಗೆ ಉತ್ತರ ಹೇಳಬೇಕು ಎಂದು ನಿನ್ನ ಗಂಡ ತಂಗಿಗೆ ಹೇಳಿದ, ತಂಗಿ ನನಗೆ ಹೇಳಿದಳು. ನಮ್ಮ ಮನೆಯಲ್ಲಿ ಗುಟ್ಟು ನಿಲ್ಲುವುದು ಜರಡಿಯಲ್ಲಿ ನೀರು ನಿಂತಷ್ಟೇ. ನೀನು ಹೋದರೆ ಬೇಕರಿ ಬಾಗಿಲು ಹಾಕಿದ ಹಾಗೆ. ಇನ್ನು ಓವನ್ ಮುಂದೆ ನಿಲ್ಲುವ ಮೈ ನನ್ನದಲ್ಲ, ನಿನ್ನ ಗಂಡ ಹಿಟ್ಟು ಮುಟ್ಟಿದರೆ ಅದು ಇಟ್ಟಿಗೆ. ಹಾಗೆಂದು ಹೋಗಬೇಡ ಎಂದು ಹೇಳಲು ಬರೆಯುತ್ತಿಲ್ಲ. ಉತ್ತರ ಕೊಡುವ ಮುಂಚೆ ಇದನ್ನು ಕೊನೆಯವರೆಗೆ ಓದು, ಅಷ್ಟೇ.

ಈಗ ಸುದ್ದಿ ಕೇಳು, ಸುದ್ದಿ ಭಾರೀ ಇದೆ! ಈ ಊರಿನಲ್ಲಿ ಫ್ರೆಂಚ್ ಬೇಕರಿಗಳಿವೆ ಕಣಮ್ಮ. ಬೋರ್ಡಿಗೆ ಮಾತ್ರ ಫ್ರೆಂಚ್ ಆಗಿ ಒಳಗೆ ಕೇಕಿಗೆ ಬಣ್ಣ ಬಳಿಯುವ ಅಂಗಡಿಗಳಲ್ಲ, ಹಳೇ ಪದ್ಧತಿಯಲ್ಲಿ ಹಿಟ್ಟು ಹದಮಾಡಿ ಬೇಯಿಸುವ ಅಸಲಿ ಬೇಕರಿಗಳು. ಕಣ್ಣಿನ ಪಟ್ಟಿ ಬಿಚ್ಚಿದ ದಿನ ನಿನ್ನ ನಾದಿನಿ ಆಫೀಸಿನಿಂದ ಬರುತ್ತಾ ಒಂದು ಕ್ರೊಸಾಂ ತಂದುಕೊಟ್ಟಳು, ಅರ್ಧಚಂದ್ರದ ಹಾಗೆ ಬಾಗಿರುವ ಪದರ ಪದರದ ತಿಂಡಿ. ಒಂದು ಕಚ್ಚು ಕಚ್ಚಿದವನು ಚಪ್ಪಲಿ ಮೆಟ್ಟಿಕೊಂಡು "ಎಲ್ಲಿ ತಂದೆ? ನಡಿ, ತೋರಿಸು" ಎಂದೆ. ಅವಳು "ಅಪ್ಪಾ, ಈಗ ಬಾಗಿಲು ಹಾಕಿರ್ತಾರೆ" ಎಂದು ನನ್ನನ್ನು ಹಿಡಿದು ಕೂರಿಸಬೇಕಾಯಿತು. ಬೆಳಿಗ್ಗೆ ಅಂಗಡಿಯವರು ಬಾಗಿಲು ತೆಗೆಯುವ ಮೊದಲೇ ನಾನು ಮೆಟ್ಟಿಲ ಮೇಲಿದ್ದೆ.

ಅಬ್ಬಬ್ಬಾ, ಆ ಅಂಗಡಿ! ಕಿರಿದಾದ ಜಾಗ, ನಮ್ಮದಕ್ಕಿಂತ ಚಿಕ್ಕದು. ಗಾಜಿನಾಚೆ ಕಲ್ಲಿನ ಉದ್ದ ಮೇಜು, ಅದರ ಮೇಲೆ ಒಬ್ಬ ಹಿಟ್ಟಿನ ಹಾಳೆ ಲಟ್ಟಿಸುತ್ತಿದ್ದ. ನಡುವೆ ಬೆಣ್ಣೆಯ ಚಪ್ಪಟೆ ತುಂಡಿಟ್ಟು ಕಾಗದ ಮಡಿಸಿದಂತೆ ಮಡಿಸುತ್ತಾನೆ, ತಣ್ಣಗೆ ಇಡುತ್ತಾನೆ, ತೆಗೆದು ಮತ್ತೆ ಲಟ್ಟಿಸುತ್ತಾನೆ. ಹಿಂದೊಮ್ಮೆ ನಾವಿಬ್ಬರೂ ಪಫ್ ಮಾಡಲು ಹೋಗಿ ಬೆಣ್ಣೆಯೆಲ್ಲ ಟ್ರೇಗೆ ಹರಿದು, ನಾನು ಬೆಣ್ಣೆ ಮಾರಿದವನಿಗೆ ಶಾಪ ಹಾಕಿದ್ದೆ, ನೆನಪಿದೆಯೇ? ಬೆಣ್ಣೆಯವನ ತಪ್ಪಲ್ಲ. ಬೆಣ್ಣೆ ಎಷ್ಟು ಗಟ್ಟಿಯೋ ಹಿಟ್ಟೂ ಅಷ್ಟೇ ಗಟ್ಟಿ ಇರಬೇಕಂತೆ, ಒಂದು ಮೆತ್ತಗಾದರೂ ಕೆಲಸ ಕೆಟ್ಟಿತು. ನಾನು ಗಾಜಿಗೆ ಮೂಗು ಒತ್ತಿ ಒಂದು ಗಂಟೆ ನಿಂತೆ. ಕೌಂಟರಿನವಳಿಗೆ ಅನುಮಾನ ಬಂದಿರಬೇಕು, ಕಪ್ಪು ಕನ್ನಡಕ ಬೇರೆ. ಮೂರು ಕ್ರೊಸಾಂ ತಿಂದೆ. ಡಾಕ್ಟರಮ್ಮ ಬೆಣ್ಣೆಯ ಬಗ್ಗೆ ಏನೂ ಹೇಳಿಲ್ಲ, ನಾನಾಗಿ ಕೇಳಲೂ ಇಲ್ಲ.

ಒಂದರ ರುಚಿ ಹತ್ತಿದ ಮೇಲೆ ಸುಮ್ಮನಿರುವ ಜೀವವೇ ನನ್ನದು? ಲಟ್ಟಿಸುವವನನ್ನೇ ಕೇಳಿದೆ, ನಿಮ್ಮಂಥವರು ಬೇರೆ ಯಾರಿದ್ದಾರೆ ಎಂದು. ಒಳ್ಳೆಯವನು, ಬಿಲ್ಲಿನ ಹಿಂದೆ ಎರಡು ವಿಳಾಸ ಬರೆದುಕೊಟ್ಟ. ಮಾರನೆಯ ದಿನ ರೈಲ್ವೆ ಸೇತುವೆಯ ಪಕ್ಕದ ಬೇಕರಿಗೆ ಹೋದೆವು. ಅಲ್ಲಿ ಮೊಳದುದ್ದದ ಬ್ಯಾಗೆಟ್ ಬ್ರೆಡ್ಡು ಬಿಟ್ಟರೆ ಹೆಚ್ಚೇನೂ ಮಾಡುವುದಿಲ್ಲ. ಸಂಜೆ ನಾಲ್ಕಕ್ಕೆ ಬಿಸಿ ಬ್ಯಾಗೆಟ್ ಹೊರಗೆ ಬರುತ್ತದೆ, ಮೂರೂಮುಕ್ಕಾಲಿಗೇ ಸಾಲು. ಕೊಂಡವರಲ್ಲಿ ಒಬ್ಬರೂ ಅದನ್ನು ಇಡಿಯಾಗಿ ಮನೆಗೆ ಒಯ್ಯುವುದಿಲ್ಲ, ದಾರಿಯಲ್ಲೇ ತುದಿ ಮುರಿದು ಬಾಯಿಗೆ. ನಾನೂ ಮುರಿದೆ. ಎಪ್ಪತ್ತೊಂದು ವರ್ಷದ ನಿನ್ನ ಮಾವ ನಡುರಸ್ತೆಯಲ್ಲಿ ಕಟುಂ ಕುಟುಂ ಎನ್ನಿಸುತ್ತಾ ಬ್ರೆಡ್ ತಿಂದ! ಒಳಗೆ ನೋಡಿದರೆ ದೊಡ್ಡ ದೊಡ್ಡ ತೂತು. ನಿನ್ನ ಬ್ರೆಡ್ಡಿನಲ್ಲಿ ಅಂಥ ತೂತು ಬಂದಾಗ "ಇದೇನು ಇಲಿ ಸಂಸಾರ ಹೂಡಿತ್ತಾ?" ಎಂದು ನಕ್ಕಿದ್ದೆ. ಹಿಟ್ಟು ಅವಸರವಿಲ್ಲದೆ ಉಬ್ಬಿದರೆ ಹಾಗೇ ಆಗುವುದಂತೆ, ಆ ತೂತು ಬರಲೆಂದೇ ಅವರು ಒದ್ದಾಡುವುದಂತೆ. ನಾನು ತೂತಿನೊಳಗೆ ಬೆರಳು ತೂರಿಸಿ ನೋಡಿ, ಉಳಿದದ್ದನ್ನೂ ತಿಂದು ಮುಗಿಸಿದೆ.

ಇನ್ನು ಮೂರನೆಯದು. ಅದು ನಿನ್ನೆಯ ಕಥೆ, ನಗಬೇಡ. ದರ್ಜಿ ಅಂಗಡಿಗಳ ಓಣಿಯಲ್ಲಿ ಒಂದು ಹಳೇ ಕಟ್ಟಡ, ಹೊರಗೆ ಹತ್ತು ಹನ್ನೆರಡು ಜನರ ಸಾಲು. ಕಿಟಕಿಯಲ್ಲಿ ನೋಡುತ್ತೇನೆ, ಹಲಗೆಯ ಮೇಲೆ ಸಾಲಾಗಿ ಗುಂಡು ಬ್ರೆಡ್ಡು, ಎಲ್ಲಾ ಕಪ್ಪು! ಕನ್ನಡಕದಿಂದ ಹಾಗೆ ಕಾಣುತ್ತಿದೆಯೇನೋ ಎಂದು ತೆಗೆದು ನೋಡಿದೆ, ಆಗಲೂ ಕಪ್ಪೇ. ಪಾಪ, ಒಲೆ ಕೈಕೊಟ್ಟಿದೆ, ಒಳಗಿನವರು ನೋಡಿಲ್ಲ, ಗಿರಾಕಿಗಳ ಮುಂದೆ ಮಾನ ಹೋಗುತ್ತದೆ ಎಂದುಕೊಂಡು ಸಾಲು ದಾಟಿ ನೇರ ಒಳಗೆ ನುಗ್ಗಿದೆ. ಕೌಂಟರಿನಲ್ಲಿದ್ದ ಹೆಂಗಸಿಗೆ ನಿನ್ನದೇ ವಯಸ್ಸಿರಬಹುದು, ಮೊಣಕೈಯವರೆಗೂ ಹಿಟ್ಟು. ಅವಳ ಕಿವಿಯ ಹತ್ತಿರ ಬಗ್ಗಿ, "ತಾಯಿ, ಗಾಬರಿಯಾಗಬೇಡ, ನಾನೂ ಬೇಕರಿಯವನೇ. ಬ್ರೆಡ್ ಸೀದುಹೋಗಿದೆ, ಜನ ನೋಡೋಕೆ ಮುಂಚೆ ಒಳಗೆ ಎತ್ತಿಡು" ಎಂದೆ. ಗುಟ್ಟಾಗಿ ಹೇಳಿದೆನೆಂದು ನಾನು ತಿಳಿದದ್ದು. ನನ್ನ ಗುಟ್ಟು ಎಂಥದೆಂದು ನಿನಗೆ ಗೊತ್ತಲ್ಲ, ಸಾಲಿನ ಕೊನೆಯವನಿಗೂ ಕೇಳಿಸಿ ಎಲ್ಲರೂ ಗೊಳ್ಳೆಂದರು. ನಿನ್ನ ನಾದಿನಿ ಬೀದಿಯಲ್ಲಿ ನಿಂತು ನಾನು ಯಾರೋ ಅವಳು ಯಾರೋ ಎಂಬಂತೆ ಫೋನ್ ನೋಡತೊಡಗಿದಳು.

ಆ ಹೆಂಗಸು ಮಾತ್ರ ನಗಲಿಲ್ಲ. "ತಾತ, ಒಳಗೆ ಬನ್ನಿ" ಎಂದು ಕರೆದಳು. ಫ್ರಾನ್ಸಿನಲ್ಲಿ ಹನ್ನೊಂದು ವರ್ಷ ಓವನ್ ಮುಂದೆ ನಿಂತು ಕಲಿತವಳಂತೆ. ಒಳಗೆ ನಮ್ಮದರಂಥದೇ ಇಟ್ಟಿಗೆಯ ಓವನ್, ಗೋಡೆಗೆ ಒರಗಿಸಿದ ಉದ್ದ ಹಿಡಿಯ ಮರದ ಹಲಗೆ, ಮೂಲೆಯಲ್ಲಿ ಮೈದಾ ಚೀಲ. ನನಗೆ ನಮ್ಮ ಮನೆಗೇ ಹೋದ ಹಾಗಾಯಿತು. ಅವಳು ಒಂದು ಬ್ರೆಡ್ ತಿರುಗಿಸಿ ತಳಕ್ಕೆ ಬೆರಳಗೆಣ್ಣಿನಿಂದ ಬಡಿದಳು, ಟೊಳ್ಳು ಡಬ್ಬಿ ಬಡಿದಂತೆ ಟಕ್ ಟಕ್. "ತಾತ, ಇದು ಸೀದದ್ದಲ್ಲ, ಪೂರ್ತಿ ಬೆಂದದ್ದು. ಬೆಳ್ಳಗಿದ್ದಾಗ ತೆಗೆದರೆ ಹಿಟ್ಟಿನ ರುಚಿ, ಹೀಗೆ ಬಣ್ಣ ಬಂದ ಮೇಲೆ ತೆಗೆದರೆ ಬ್ರೆಡ್ಡಿನ ರುಚಿ" ಎಂದಳು. ಆಮೇಲೆ ಚಾಕು ತಗೊಂಡು ಒಂದು ಹೋಳು ಕುಯ್ದಳು.

ಕುಯ್ದೊಡನೆ ಬಂತು ನೋಡು ಆ ವಾಸನೆ. ಹುರಿದ ಕಾಳಿನದೂ ಹೌದು, ಒಂದಿಷ್ಟು ಜೇನಿನದೂ ಹೌದು, ಹಿಂದಿನಿಂದ ಸಣ್ಣ ಹುಳಿ. ಆ ವಾಸನೆ ನನಗೆ ಹೊಸದಲ್ಲ. ಒಂದು ಬೆಳಿಗ್ಗೆ ನಮ್ಮ ಬೇಕರಿಗೆ ಕಾಲಿಟ್ಟಾಗ ಇದೇ ವಾಸನೆ ಬಾಗಿಲಲ್ಲೇ ನನ್ನನ್ನು ತಡೆದು ನಿಲ್ಲಿಸಿತ್ತು. ಬಾಯಿಗಿಟ್ಟೆ. ಹೊರಗೆ ಗರಿಗರಿ, ಒಳಗೆ ಒದ್ದೆಯಿಲ್ಲದೆ ಮೆತ್ತಗೆ, ನುಂಗಿದ ಮೇಲೂ ರುಚಿ ನಾಲಿಗೆ ಬಿಡಲೊಲ್ಲದು. ನಲವತ್ತೆಂಟು ವರ್ಷ ಬ್ರೆಡ್ ಬೇಯಿಸಿದ್ದೇನೆ, ಕೊಡುವ ಮೊದಲೇ ಇನ್ನೊಂದು ಹೋಳಿಗೆ ಕೈ ಚಾಚಿದ್ದು ಇದೇ ಮೊದಲು. ಹೇಗೆ ಮಾಡುತ್ತೀಯ ಎಂದು ಕೇಳಿದರೆ, ಗೋಧಿಹಿಟ್ಟು ನೀರು ಕಲಸಿ ಹುಳಿಬರಿಸಿದ ಜಾಡಿ ತೋರಿಸಿದಳು. ದಿನವೂ ಸ್ವಲ್ಪ ತೆಗೆದು ಸ್ವಲ್ಪ ಹಿಟ್ಟು ತಿನ್ನಿಸಬೇಕಂತೆ. ನಮ್ಮ ಅಟ್ಟದ ಕೆಳಗಿನ ಹಲಗೆಯ ಮೇಲೆ ನೀನಿಟ್ಟಿದ್ದ ಜಾಡಿಯನ್ನು ನಾನು "ಯಾವ ಕೊಳೆತ ಗಂಜಿ ಇದು?" ಎಂದು ಕೇಳಿದ್ದೆನಲ್ಲ, ಥೇಟ್ ಅದೇ. ನಿನಗೆ ಯಾರು ಹೇಳಿಕೊಟ್ಟರು ಮಾರಾಯ್ತಿ? ಯಾವ ಪುಸ್ತಕದಲ್ಲಿ ಓದಿದೆ? ಹಿತ್ತಲ ಗಿಡ ಮದ್ದಲ್ಲ ಎಂದು ಜನ ಸುಮ್ಮನೆ ಹೇಳಿಲ್ಲ. ಮೂರು ಬೇಕರಿ ಸುತ್ತಿ, ಸಾಲು ಮುರಿದು, ಊರವರಿಂದ ನಗಿಸಿಕೊಂಡು ನಾನು ಕಂಡುಹಿಡಿದದ್ದೇನು ಎಂದರೆ ನನ್ನ ಸೊಸೆ ಮಾಡುವ ಬ್ರೆಡ್ಡನ್ನು!

ನಮ್ಮ ಮೆತ್ತನೆ ಬ್ರೆಡ್ಡಿಗೂ ಅದರ ಮರ್ಯಾದೆ ಇದೆ, ಅದನ್ನು ಬಿಟ್ಟುಕೊಡುವುದಿಲ್ಲ. ಹಲ್ಲಿಲ್ಲದವರೂ ಊರಲ್ಲಿದ್ದಾರೆ. ಆದರೆ ನಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು ಇಷ್ಟು ವರ್ಷ ಕೂತಿದ್ದೆ, ಅದು ನಿಜ. ನಿನ್ನ ನಾದಿನಿ ಆಫೀಸಿಗೆ ಹೊರಟಿದ್ದಾಳೆ, ದಾರಿಯಲ್ಲಿ ಕೊರಿಯರಿಗೆ ಕೊಡುತ್ತಾಳಂತೆ, "ಮುಗೀತಾ ಅಪ್ಪಾ?" ಎಂದು ಬಾಗಿಲಲ್ಲೇ ಕುಣಿಯುತ್ತಿದ್ದಾಳೆ. ಮಗರಾಯನಿಗೆ ಆಶೀರ್ವಾದ ಹೇಳು, ಒಲೆಯ ಬೂದಿ ಅವನೇ ತೆಗೆಯಲಿ. ನಿನ್ನ ಕೈಗೆ ನೋವು ಬಾರದಿರಲಿ, ನೀನು ಎಲ್ಲಿ ನಿಂತು ಬೇಯಿಸಿದರೂ ನಿನ್ನ ಒಲೆ ತಣ್ಣಗಾಗದಿರಲಿ. ಇದು ನಾನು ಮನಸಾರೆ ಮಾಡುವ ಹಾರೈಕೆ.

ಇಂತಿ,
ನಿನ್ನ ಮಾವ

ತಾ.ಕ.: ಲಕೋಟೆ ಅಂಟಿಸುವ ಮುಂಚೆ ಇದನ್ನೂ ಬರೆದುಬಿಡುತ್ತೇನೆ, ಇಲ್ಲದಿದ್ದರೆ ಬರೆದ ಮೂರು ಹಾಳೆಯೂ ದಂಡ. ಆವತ್ತು ನಿನ್ನ ನಲವತ್ತು ಬ್ರೆಡ್ಡಿನಲ್ಲಿ ಒಂದನ್ನೂ ನಾನು ಮುರಿದು ಬಾಯಿಗಿಟ್ಟು ನೋಡಲಿಲ್ಲ. ವಾಸನೆ ಚೆನ್ನಾಗಿದೆ ಎಂದು ಮೂಗು ಹೇಳಿತ್ತು, ಆದರೂ ಸುರಿದೆ. ನನ್ನನ್ನು ಕೇಳದೆ ಮಾಡಿದೆಯಲ್ಲ ಎಂಬ ಸಿಟ್ಟು, ಬೇರೇನಲ್ಲ. "ಮನೆ ಹೆಸರು ಸುಡೋಕೆ ಬಂದಿದೀಯಾ?" ಎಂದು ಎಲ್ಲರ ಮುಂದೆ ಕೇಳಿದೆ, ನೀನು ತಲೆ ತಗ್ಗಿಸಿ ಖಾಲಿ ಟ್ರೇ ತೊಳೆಯಲು ಹೋದೆ. ಆಡಿದ ಮಾತು ಒಡೆದ ಮುತ್ತು, ವಾಪಸು ಸೇರಿಸಲಾರೆ. ನಿನ್ನ ನಾದಿನಿ, "ಆಗ ಕಣ್ಣಿಗೆ ಪೊರೆ ಇತ್ತು, ಕಪ್ಪಾಗಿ ಕಾಣಿಸ್ತು ಅಂತ ಬರೀರಿ" ಎಂದಳು. ಕುಣಿಯಲಾರದವಳು ನೆಲ ಡೊಂಕು ಎಂದ ಹಾಗಾಗುತ್ತದೆ. ಹೊಸ ಕಣ್ಣಿನಲ್ಲಿ ನೋಡಿಯೂ ನಿನ್ನೆ ಅದೇ ಮಾತು ಆಡಿದೆನಲ್ಲ. ತಪ್ಪು ನನ್ನದು. ಕ್ಷಮಿಸು ತಾಯಿ. ಹೋಟೆಲಿಗೆ ಹೋಗುವುದು ಬಿಡುವುದು ನಿನ್ನಿಷ್ಟ, ಹೋಗುವುದಾದರೆ ನಾನೇ ಬಾಗಿಲವರೆಗೆ ಬಂದು ಕಳಿಸುತ್ತೇನೆ. ಆದರೆ ಬ್ರೆಡ್ ಸುಟ್ಟವಳು ಎಂಬ ಮಾತು ಹೊತ್ತು ಮಾತ್ರ ಹೋಗಬೇಡ. ನಾನು ಶನಿವಾರ ರಾತ್ರಿಯ ರೈಲಿಗೆ ಹೊರಡುತ್ತೇನೆ. ಭಾನುವಾರ ಬೆಳಿಗ್ಗೆಗೆ ನಲವತ್ತು ಬೇಯಿಸಿಡು, ಅಷ್ಟೇ ಕಪ್ಪಗೆ. ಕೌಂಟರಿನಲ್ಲಿ ನಾನು ನಿಲ್ಲುತ್ತೇನೆ. ಆವತ್ತು ನನ್ನ ಮಾತು ಕೇಳಿಸಿಕೊಂಡವರೆಲ್ಲ ಬರಲಿ, ಬಂದು ಸೀದಿದೆ ಎನ್ನಲಿ. ಉತ್ತರ ನಾನು ಕೊಡುತ್ತೇನೆ.