ಒಂಬತ್ತು ಸೋಮಾರಿ ಕಾಲುಗಳು

ಕನ್ನಡಿಶಕ ಇನ್ನೂರ ಹನ್ನೆರಡು, ಹದಿಮೂರನೆಯ ತಿಂಗಳು, ಮೂವತ್ತಾರನೆಯ ತಾರೀಕು
ಕುಲುಮಿಹಾಳ, ತುಂಗಭದ್ರೆಯ ಉತ್ತರ ದಂಡೆ

ಹಿಂದಿನ ಕಾಲದ ಫಿಟ್ಟರ್, ಟರ್ನರ್ ಮತ್ತು ಕಬ್ಬಿಣ ಮುಟ್ಟಿ ಬದುಕುವ ಎಲ್ಲ ಹಿರಿಯರಿಗೆ ಉಡಚಪ್ಪನ ನಮಸ್ಕಾರಗಳು.

ತಾರೀಕು ನೋಡಿ ಗಾಬರಿಯಾಗಬೇಡಿ. ಗುಡ್ಡದ ಮೇಲೆ ಬಿಸಿಲು ಹಿಡಿಯುವ ಕನ್ನಡಿಗಳನ್ನು ನಿಲ್ಲಿಸಿದ ವರ್ಷದಿಂದ ನಾವು ಕಾಲ ಎಣಿಸುತ್ತೇವೆ. ಬಿಸಿಲು ಚೆನ್ನಾಗಿರುವ ತಿಂಗಳುಗಳನ್ನು ಮುಗಿಸಲು ಮನಸ್ಸಾಗದೆ ಒಂದಿಷ್ಟು ಎಳೆದಿದ್ದೇವೆ. ನಿಮ್ಮ ಪಂಚಾಂಗದಲ್ಲಿ ಇದು ಎಲ್ಲಿ ಕೂರುತ್ತದೋ ಹೇಳಲಾರೆ. ನಿಮ್ಮ ಮೊಮ್ಮಕ್ಕಳ ಮೊಮ್ಮಕ್ಕಳಿಗೂ ನಾವು ದೂರದ ನೆಂಟರು ಎಂದಿಟ್ಟುಕೊಳ್ಳಿ. ನನ್ನ ಕನ್ನಡ ಅಲ್ಲಲ್ಲಿ ವಿಚಿತ್ರವಾಗಿ ಕೇಳಿದರೆ ಮನ್ನಿಸಿ, ಕೆಲವು ಮಾತುಗಳು ನಿಮ್ಮ ಕಾಲದಲ್ಲಿ ಇನ್ನೂ ಹುಟ್ಟಿರಲಿಕ್ಕಿಲ್ಲ. ಹಿಂದಕ್ಕೆ ಹೋಗುವ ಅಂಚೆಯೂ ಇನ್ನೂ ಪರೀಕ್ಷೆಯಲ್ಲಿದೆ. ನಾನು ಮುಂದಿನ ವಾರ ಕಳಿಸಬೇಕೆಂದಿದ್ದ ಕಾಗದ ಇವತ್ತು ಬೆಳಗ್ಗೆಯೇ ನನ್ನ ಕೈಗೆ ಬಂತು. ಅದರಲ್ಲಿ ಪ್ರಾಸ ಕೆಟ್ಟಿತ್ತು. ಹಾಗಾಗಿ ಹರಿದುಹಾಕಿ ಇದನ್ನು ಬರೆಯುತ್ತಿದ್ದೇನೆ.

ಬರೆಯಲು ಕಾರಣ ಇಷ್ಟೇ: ನಿಮ್ಮ ಮೇಲೆ ನಾವು ತಲೆಮಾರುಗಳಿಂದ ಒಂದು ಅಪವಾದ ಹೊರಿಸಿಕೊಂಡು ಬಂದಿದ್ದೆವು. ಅದು ಸುಳ್ಳೆಂದು ನಿನ್ನೆ ಮಧ್ಯಾಹ್ನ ಇಡೀ ಊರಿನ ಎದುರು ಸಾಬೀತಾಯಿತು. ನನಗಾಗಿರುವ ಸಂತೋಷಕ್ಕೆ ಅಕ್ಷರಗಳು ಸಾಲು ಬಿಟ್ಟು ಕುಣಿಯುತ್ತಿವೆ. ಒಂದಿಷ್ಟು ಹಿಂದಿನಿಂದ ಹೇಳುತ್ತೇನೆ, ಕೂತುಕೊಳ್ಳಿ.

ನಮ್ಮ ಊರಿಗೆ ಇರುವುದು ಒಂದೇ ಒಂದು ಆಣೆ. ಅದನ್ನು ಸಮಹೊರೆ ಎನ್ನುತ್ತೇವೆ. ಈ ಊರು ಕಟ್ಟಿದ ಮೊದಲ ಮನೆತನಗಳವರು ಬೇರೆಯವರ ಭಾರ ಹೊತ್ತು ಹೊತ್ತು ಬೆನ್ನು ಬಾಗಿಸಿಕೊಂಡವರು. ಇನ್ನು ಮುಂದೆ ಇಲ್ಲಿ ಯಾರೂ ಹಿಡಿಯಷ್ಟೂ ಹೆಚ್ಚು ಹೊರಬಾರದು, ಹಿಡಿಯಷ್ಟೂ ಕಡಿಮೆ ಹೊರಬಾರದು ಎಂದು ಅವರು ಮಾತು ಕೊಟ್ಟುಕೊಂಡರು. ಒಳ್ಳೆಯ ಆಣೆ, ಅನುಮಾನವಿಲ್ಲ. ಆದರೆ ಒಳ್ಳೆಯದನ್ನೂ ನಾವು ಬಿಡುವುದಿಲ್ಲ, ಕೊನೆಯ ಹನಿವರೆಗೆ ಹಿಂಡುತ್ತೇವೆ. ಮದುವೆಯಲ್ಲಿ ಅಕ್ಕಿ ಮೂಟೆ ಇಳಿಸುವಾಗ ಗಂಡಿನ ಕಡೆಯವರೂ ಹೆಣ್ಣಿನ ಕಡೆಯವರೂ ತಕ್ಕಡಿ ತರುತ್ತಾರೆ. ಹೆಣ ಹೊರುವವರು ಮೊದಲು ಗೋಡೆಗೆ ಒರಗಿ ಎತ್ತರ ಅಳೆಸಿಕೊಳ್ಳುತ್ತಾರೆ. ಭಜನೆಯಲ್ಲಿ ರಾಗ ಬಾರದವನಿಗೂ ಸಮಪಾಲು ಹಾಡು. ಕೇಳುವವರ ಪಾಡು ಮಾತ್ರ ಕೇಳಬೇಡಿ.

ನಾನು ದುಡಿಯುವುದು ಬಿಸಿಮನೆಯಲ್ಲಿ. ಕನ್ನಡಿಗಳ ಬಿಸಿಲನ್ನೆಲ್ಲ ಒಂದು ಬಾಯಿಗೆ ತುಂಬಿ ಲೋಹ ಕರಗಿಸುವ ಒಲೆ ಅಲ್ಲಿದೆ. ನಮ್ಮ ಕಡುಕಬ್ಬಿಣ ತಣ್ಣಗಿದ್ದಾಗ ಯಾವ ಉಳಿಗೂ ಬಗ್ಗುವುದಿಲ್ಲ, ಅದಕ್ಕೇ ಕೆಂಪಗೆ ಕಾಯಿಸಿ, ಕೆಂಪು ಆರುವುದರೊಳಗೆ ಕೊರೆಯುತ್ತೇವೆ. ಕೊರೆಯುವಾಗ ಲೋಹವನ್ನು ಕೆಳಗಿನಿಂದ ಹಿಡಿಯುವ ಗಿಡ್ಡ ಕಂಬಗಳಿಗೆ ಆನುಗಾಲು ಎಂದು ಹೆಸರು. ನೀವು ಏನೆಂದು ಕರೆಯುತ್ತೀರೋ ಕಾಣೆ. ಬುಡದಲ್ಲಿ ತಿರುಪು, ತಿರುಗಿಸಿದರೆ ಏರುತ್ತದೆ, ಇಳಿಯುತ್ತದೆ. ತಲೆಯ ಮೇಲೆ ಕೆಂಪು ತಡೆಯಲು ಪಿಂಗಾಣಿಯ ಟೊಪ್ಪಿಗೆ. ಇವನ್ನು ಹೊಂದಿಸುವುದು ನನ್ನ ಕೆಲಸ. ನಮ್ಮ ಪದ್ಧತಿ ಹೀಗಿತ್ತು: ಹನ್ನೆರಡು ಕಾಲುಗಳಿಗೂ ಸಣ್ಣ ಸುತ್ತಿಗೆಯಿಂದ ತಟ್ಟುವುದು, ಎಲ್ಲವೂ ಒಂದೇ ದನಿ ಕೊಡುವ ತನಕ ಬಿಗಿಯುವುದು. ದನಿ ಒಂದಾಯಿತೆಂದರೆ ಹೊರೆ ಒಂದಾಯಿತು. ಬಿಗಿಯುವಾಗ ಎಲ್ಲರೂ ಸೇರಿ ಹಾಡುತ್ತಿದ್ದೆವು:

ಹೊರೆ ನಿನಗೂ, ಹೊರೆ ನನಗೂ,
ಸರಿಸಮವಾಗಲಿ ಕೊನೆವರೆಗೂ.

ಗಟ್ಟಿ ದಪ್ಪ ಸಾಮಾನುಗಳಿಗೆ ಈ ಹಾಡು ಸಾಕಾಗಿತ್ತು. ತೊಂದರೆಗೆ ಬಂದದ್ದು ಬಾಯಿಬಳೆ. ಒಲೆಯ ಬಾಯಿಯ ಮೇಲೆ ಕೂತು ಮುಚ್ಚಳವನ್ನು ಹೊರುವ ದೊಡ್ಡ ಚಪ್ಪಟೆ ಉಂಗುರ ಅದು. ಎತ್ತಿನ ಗಾಡಿ ಒಳಗೆ ನಿಲ್ಲುವಷ್ಟು ಅಗಲ, ಅಗಲಕ್ಕೆ ಹೋಲಿಸಿದರೆ ತೀರ ತೆಳುವು. ಹಳೆಯ ಬಳೆ ಬಿರಿದು, ಬಿಸಿಲೆಲ್ಲ ಸಂದಿಯಲ್ಲಿ ಸೋರತೊಡಗಿತು. ಹೊಸದನ್ನು ಎರಕ ಹೊಯ್ದು, ಕಾಯಿಸಿ, ಕಾಲುಗಳ ಮೇಲಿಟ್ಟು, ಮೈ ಮಟ್ಟ ಮಾಡಿದೆವು. ಕಾಲುಗಳ ಮೇಲೆ ಇರುವಷ್ಟು ಹೊತ್ತು ಕೆರೆಯ ನೀರಿನಷ್ಟು ಮಟ್ಟ. ತಣಿಸಿ, ಕೊರೆದ ಮೈ ಕೆಳಗೆ ಮಾಡಿ ಇಳಿಸಿದರೆ ಕಲ್ಲುಹಾಸಿನ ಮೇಲೆ ಟಕ್ ಟಕ್ ಎಂದು ಕುಣಿಯಿತು. ಇನ್ನೊಂದು ಸಲ ಕೊರೆಯುವಷ್ಟು ದಪ್ಪ ಮಾತ್ರ ಉಳಿದಿತ್ತು. ಇನ್ನೊಂದು ಬಳೆಗೆ ಲೋಹ ಇರಲಿಲ್ಲ.

ಬಿಸಿಮನೆಯ ಯಜಮಾನಿ ತೋಟವ್ವ. ಎಳೆಯ ವಯಸ್ಸಿನಿಂದ ಆ ಒಲೆಯ ಪಕ್ಕದಲ್ಲೇ ಬೆಳೆದು, ಹುಬ್ಬಿನ ಕೂದಲನ್ನು ಅದಕ್ಕೇ ಒಪ್ಪಿಸಿದವರು. ಊರಿನ ಸಭೆ ಅವರಿಗೆ ಕೊನೆಯ ಮಾತು ಹೇಳಿತು. ಮೋಡ ಕಟ್ಟುವ ತಿಂಗಳಿನ ಒಳಗೆ ಬಳೆ ಕೂತರೆ ಸರಿ, ಇಲ್ಲವಾದರೆ ಕನ್ನಡಿಗಳನ್ನು ಸಾಮೂಹಿಕ ಅಡುಗೆಮನೆಯ ಕಡೆಗೆ ತಿರುಗಿಸಲಾಗುವುದು. ಸೋರುವ ಒಲೆಗೆ ಸುರಿದ ಬಿಸಿಲು ರೊಟ್ಟಿಗಾದರೂ ಆಗಲಿ ಎನ್ನುವುದು ಸಭೆಯ ಲೆಕ್ಕ. ತಪ್ಪೆಂದು ಹೇಳುವ ಹಾಗಿಲ್ಲ, ಹಸಿವೆ ಯಾರಪ್ಪನ ಮನೆಯದು? ಹಾಗಾದರೆ ಸುತ್ತಿಗೆ ಗೂಟಕ್ಕೆ ಹಾಕಿ ಹಿಟ್ಟು ನಾದಲು ಬರುತ್ತೇನೆ ಎಂದು ತೋಟವ್ವ ನಗುತ್ತಲೇ ಹೇಳಿ ಬಂದರು. ಬಂದವರು ಸುತ್ತಿಗೆಯನ್ನು ಒರೆಸಿ ಒಲೆಯ ಗೋಡೆಗೆ ಒರಗಿಸಿಟ್ಟರು.

ಅಡುಗೆಮನೆಯ ಮುಖ್ಯಸ್ಥ ಮಲಕಾಜಪ್ಪ. ಮಧ್ಯಾಹ್ನದ ಅಂಬಲಿ ಹಂಚಲು ಬಂದ ನೆಪದಲ್ಲಿ ತನ್ನ ಹೊಸ ಆಸ್ತಿ ಅಳೆದು ಹೋಗುವುದು ಆ ದಿನಗಳಲ್ಲಿ ಅವನ ರೂಢಿ. ರೊಟ್ಟಿಯ ಹಂಚು ಇಲ್ಲಿ, ಪಲ್ಯದ ಕೊಪ್ಪರಿಗೆ ಅಲ್ಲಿ ಎಂದು ಕೈ ತೋರಿಸುತ್ತ ಬಂದವನು ಹನ್ನೆರಡು ಕಾಲುಗಳ ಮುಂದೆ ನಿಂತ.

“ಅಲ್ರೀ ತೋಟವ್ವಾರ, ನೂರು ಮಂದಿ ಅಂಬಲಿ ಹಂಡೆ ನಾ ಮೂರು ಗುಂಡಿನ ಮ್ಯಾಲ ಇಡ್ತೀನಿ. ಒಂದ್ ದಿನಾನೂ ಅಳ್ಳಾಡಿಲ್ಲ. ನಿಮ್ಮ ಬಳಿಗೆ ಹನ್ನೆರಡು ಕಾಲು. ಅಷ್ಟು ಕಾಲಿದ್ರ ಅದು ಬಳಿ ಅಲ್ಲ, ಜರಿಹುಳ,” ಎಂದ.

“ನಿನ್ನ ಹಂಡೆದ ಮ್ಯಾಲ ಯಾರೂ ಉಳಿ ಓಡ್ಸಂಗಿಲ್ಲೋ ಮಲಕಾಜಪ್ಪ,” ಎಂದರು ತೋಟವ್ವ. “ಮೂರರ ಮ್ಯಾಲ ಇಟ್ಟು ಕೊರದ್ರ, ಕಾಲಿಲ್ಲದ ಕಡೆ ಜೋಕಾಲಿ ಆಡ್ತೈತಿ.”

ಇಬ್ಬರ ಮಾತೂ ಸರಿ. ಅಂಬಲಿಯ ಬಟ್ಟಲು ಹಿಡಿದು ನಡುವೆ ಕೂತಿದ್ದ ನನಗೆ ಆ ಕ್ಷಣದಲ್ಲಿ ಮೈ ಜುಮ್ಮೆಂದಿತು. ಹೊರುವುದಕ್ಕೆ ಮೂರು ಸಾಕು, ನಡುಗದಂತೆ ನೋಡುವುದಕ್ಕೆ ಉಳಿದವು ಬೇಕು. ಮೂರು ಮತ್ತು ಒಂಬತ್ತು! ಈ ಲೆಕ್ಕವನ್ನು ನಾನು ಎಲ್ಲೋ ನೋಡಿದ್ದೆ.

ಇಲ್ಲಿ ನಿಮ್ಮ ಮೇಲಿನ ಅಪವಾದದ ವಿಷಯ ಬರುತ್ತದೆ. ನಮ್ಮೂರಲ್ಲಿ ಹಳೇಕಾಲದ ಮನೆ ಎಂಬುದೊಂದಿದೆ, ಕಾಲುವೆ ತೋಡುವಾಗ ಸಿಕ್ಕ ನಿಮ್ಮ ಕಾಲದ ಸಾಮಾನುಗಳನ್ನೆಲ್ಲ ಅಲ್ಲಿ ಇಟ್ಟಿದ್ದಾರೆ. ಅದರಲ್ಲಿ ಒಂದು ಕಬ್ಬಿಣದ ಹಲಗೆ, ಅದರ ಮೇಲೆ ಹನ್ನೆರಡು ಗಿಡ್ಡ ಕಂಬಗಳು. ಮೂರರ ತಲೆ ಸವೆದು ತಗ್ಗಾಗಿದೆ. ಒಂಬತ್ತರ ತಲೆಗೆ ಗೀರೂ ಬಿದ್ದಿಲ್ಲ. ಸಮಹೊರೆಯ ಊರಿನವರಿಗೆ ಇದಕ್ಕಿಂತ ಸಾಕ್ಷಿ ಬೇಕೆ? ಅದರ ಕೆಳಗೆ ದೊಡ್ಡ ಅಕ್ಷರಗಳಲ್ಲಿ ಬರೆದಿಟ್ಟರು: “ಹೊರೆಗಳ್ಳರ ಹಲಗೆ. ಹಿಂದಿನವರ ಕಾಲದಲ್ಲಿ ಮೂವರು ದುಡಿಯುತ್ತಿದ್ದರು, ಒಂಬತ್ತು ಮಂದಿ ನೋಡುತ್ತಿದ್ದರು.” ಶಾಲೆಯ ಮಕ್ಕಳನ್ನು ಸಾಲಾಗಿ ಕರೆದೊಯ್ದು ತೋರಿಸುತ್ತಾರೆ. ನಾನೂ ಚಿಕ್ಕವನಿದ್ದಾಗ ಆ ಮೂರು ಕಾಲುಗಳಿಗಾಗಿ ಕಣ್ಣೀರು ಹಾಕಿದ್ದೇನೆ, ಒಂಬತ್ತಕ್ಕೆ ನಾಲಿಗೆ ಚಾಚಿದ್ದೇನೆ. ಮುಟ್ಟಬಾರದೆಂದು ಅಡ್ಡಗಟ್ಟೆ ಹಾಕಿದ್ದರಿಂದ ಯಾರೂ ಮುಟ್ಟಿರಲಿಲ್ಲ.

ಬಟ್ಟಲು ಕೆಳಗಿಟ್ಟು ಓಡಿದೆ. ಹಿಂದೆ ತೋಟವ್ವ, ಅವರ ಹಿಂದೆ ಅಂಬಲಿಯ ಸೌಟು ಹಿಡಿದ ಮಲಕಾಜಪ್ಪ. ಅಡ್ಡಗಟ್ಟೆ ದಾಟಿ ಒಂದು ಸೋಮಾರಿ ಕಾಲನ್ನು ಬಿಚ್ಚಿದೆವು. ಒಳಗೆ ಸ್ಪ್ರಿಂಗು ಇದ್ದಿರಬೇಕು, ತುಕ್ಕಾಗಿ ಉದುರಿಹೋಗಿತ್ತು. ಅದು ಕೂತಿದ್ದ ಸುರುಳಿಯ ಗುರುತು ಮಾತ್ರ ಕಂಬದ ಒಳಗೋಡೆಯಲ್ಲಿ ಉಳಿದಿತ್ತು. ಮೆಲ್ಲಗೆ ಎದ್ದು ಬಂದು ಲೋಹವನ್ನು ಮುಟ್ಟುವಷ್ಟೇ ಬಲದ ಸ್ಪ್ರಿಂಗು, ಎತ್ತುವಷ್ಟು ಬಲದ್ದಲ್ಲ. ಕಂಬದ ಪಕ್ಕದಲ್ಲಿ ಒಂದು ಸ್ಕ್ರೂ. ಮುಟ್ಟಿದ ಜಾಗದಲ್ಲೇ ಕಾಲನ್ನು ಬಿಗಿದು ನಿಲ್ಲಿಸಲು ಅದು. ಒಂಬತ್ತರ ತಲೆಗಳು ಸವೆದಿರಲಿಲ್ಲ, ನಿಜ. ಆದರೆ ಒಂಬತ್ತರ ಸ್ಕ್ರೂಗಳೂ ಬೆರಳಾಡಿ ಬೆರಳಾಡಿ ಬೆಣ್ಣೆಯಂತೆ ನುಣ್ಣಗಾಗಿದ್ದವು. ತೋಟವ್ವ ಒಂದೊಂದನ್ನೂ ಹೆಬ್ಬೆರಳಿನಿಂದ ಸವರಿದರು. ನಿಮ್ಮ ಬೆರಳಿಗೆ ನಮ್ಮ ಬೆರಳು ತಾಗಿದ್ದು ಅಲ್ಲೇ ಎಂದು ನಾನು ತಿಳಿದುಕೊಂಡಿದ್ದೇನೆ.

ನಮ್ಮ ತಪ್ಪು ಆಗ ಹಗಲಿನಂತೆ ಕಂಡಿತು. ಹನ್ನೆರಡಕ್ಕೂ ಸಮನಾಗಿ ಹೊರಿಸುವ ಭರದಲ್ಲಿ ನಾವು ಕೆಳಗಿನಿಂದ ಬಳೆಯನ್ನೇ ತಿರುಚುತ್ತಿದ್ದೆವು. ತಿರುಚಿದ ಬಳೆಯನ್ನು ಮಟ್ಟ ಕೊರೆದು, ಕೈಬಿಟ್ಟ ಕೂಡಲೇ ಅದು ತನ್ನ ಮೊದಲಿನ ಮೈಗೆ ಮರಳಿದರೆ, ಮಟ್ಟ ಎಲ್ಲಿ ಉಳಿದೀತು? ಕೆಂಪಾಗಿದ್ದಾಗ ಮೆತ್ತಗಿರುವ ಲೋಹ ಇನ್ನೂ ಬೇಗ ತಿರುಚಿಕೊಳ್ಳುತ್ತದೆ.

ನಿಮ್ಮ ಸ್ಪ್ರಿಂಗನ್ನು ಹಾಗೆಯೇ ನಕಲು ಮಾಡುವಂತಿರಲಿಲ್ಲ. ನಮ್ಮ ಬಿಸಿಗೆ ಸ್ಪ್ರಿಂಗು ಬಾಡಿದ ಸೊಪ್ಪಾಗುತ್ತದೆ. ಅದಕ್ಕೆ ಏತ ಹೂಡಿದೆವು. ಬಾವಿಯಿಂದ ನೀರೆತ್ತುವ ಏತವನ್ನು ನೀವು ಕಂಡಿರುತ್ತೀರಿ, ಒಂದು ತುದಿಗೆ ಕಲ್ಲು, ಇನ್ನೊಂದು ತುದಿಗೆ ಕೊಡ. ಅದೇ ಲೆಕ್ಕದಲ್ಲಿ ಒಲೆಯಿಂದ ದೂರ, ಗೋಡೆಯಾಚೆ ತಂಪಿನಲ್ಲಿ ಸಣ್ಣ ಕಲ್ಲು. ಕಲ್ಲು ಇಳಿದರೆ ಇತ್ತ ಕಾಲು ಏರುತ್ತದೆ, ಬಳೆಗೆ ಟೊಪ್ಪಿಗೆ ತಾಗಿಸಿ ನಿಲ್ಲುತ್ತದೆ. ನಿಂತ ಮೇಲೆ ಬೆಣೆ ಬಡಿದು ಬಿಗಿಯುವುದು. ಕಲ್ಲಿನ ತೂಕ ಹೊಂದಿಸುವಾಗ ಮಲಕಾಜಪ್ಪನ ಸೌಟು, ಚಮಚೆಗಳೆಲ್ಲ ಖರ್ಚಾದವು. ಅವನು ಗೊಣಗಲಿಲ್ಲ, ಕುತೂಹಲ ಹಿಡಿದುಬಿಟ್ಟಿತ್ತು.

ಗೊಣಗಿದ್ದು ಸಭೆ. ಮೂರು ಕಾಲು ಹೊತ್ತು ಒಂಬತ್ತು ಬರೀ ಮುಟ್ಟಿಕೊಂಡಿರುವುದೆಂದರೆ ಆಣೆ ಮುರಿದಂತಲ್ಲವೇ ಎಂದು ಕೇಳಿದರು. ಇವತ್ತು ಕಬ್ಬಿಣಕ್ಕೆ ಬಿಟ್ಟುಕೊಟ್ಟರೆ ನಾಳೆ ಮನುಷ್ಯರಿಗೂ ಕೇಳುತ್ತೀರಿ ಎಂದರು. ಅದು ಸುಮ್ಮನೆ ತಳ್ಳಿಹಾಕುವ ಮಾತಲ್ಲ, ನಮ್ಮ ಅಜ್ಜಂದಿರ ಬೆನ್ನಿನ ಮಾತು. ಹೊರುವ ಮೂರನ್ನು ಪ್ರತಿ ಕೆಲಸಕ್ಕೂ ಸರದಿಯಂತೆ ಬದಲಿಸುತ್ತೇವೆ ಎಂದು ತೋಟವ್ವ ಮೊದಲು ಒಪ್ಪಿಕೊಂಡರು. ಆಮೇಲೆ ಎದ್ದು ನಿಂತರು.

“ಎತ್ತೋದಷ್ಟ ಹೊರಿ ಅಂತ ತಿಳ್ಕೊಂಡೀವಿ ನಾವು,” ಎಂದರು. “ನಡಗೋದನ್ನ ಹಿಡದು ನಿಲ್ಲೋದೂ ಹೊರೀನ. ಹಡಿಯಾಕಿ ಬೆನ್ನಿಗೆ ಕೈ ಕೊಟ್ಟು ಕುಂತಾಕಿನ್ನ ಕೇಳ್ರಿ, ಆಕಿ ಏನು ಎತ್ತಿರ್ತಾಳ?”

ಸಭೆಯಲ್ಲಿದ್ದ ಹೆಂಗಸರೆಲ್ಲ ಒಮ್ಮೆಗೇ ಗಂಡಸರ ಕಡೆ ತಿರುಗಿದರು. ಅಪ್ಪಣೆ ಸಿಕ್ಕಿತು.

ನಿನ್ನೆ ಬೆಳಗ್ಗೆ ಬಳೆಯನ್ನು ಕಾಯಿಸಿದೆವು. ಮೂರರ ಮೇಲೆ ಇಳಿಸಿದೆವು, ಅದು ಹಂಡೆಯಂತೆ ಕೂತಿತು. ಕಲ್ಲುಗಳನ್ನು ಬಿಟ್ಟೆವು, ಒಂಬತ್ತೂ ಮೆಲ್ಲಗೆ ಎದ್ದು ಬಂದು ಕೆಂಪಿಗೆ ತಾಗಿ ನಿಂತವು, ಕರು ಬಂದು ತಾಯಿಯ ಮಗ್ಗುಲಿಗೆ ಮೂತಿ ತಾಗಿಸಿದ ಹಾಗೆ. ಬೆಣೆ ಬಡಿದೆವು. ಉಳಿ ಸುತ್ತಿತು. ಹಿಂದಿನ ಸಲದ ಕಿರುಚಾಟವಿಲ್ಲ, ಒಂದೇ ಸಮನೆ ಹಾಲು ಕರೆಯುವ ಸದ್ದು. ತಣಿಯುವವರೆಗೆ ಊರಿಗೆ ಊರೇ ಬಾಗಿಲಲ್ಲಿ ಕಾದಿತ್ತು.

ಮಟ್ಟ ನೋಡುವ ಪರೀಕ್ಷೆಗೆ ಮಲಕಾಜಪ್ಪನೇ ಹಿಟ್ಟು ತಂದ. ಕಲ್ಲುಹಾಸಿನ ಮೇಲೆ ಜರಡಿ ಹಿಡಿದು ರಾಗಿಹಿಟ್ಟನ್ನು ತೆಳ್ಳಗೆ ಉದುರಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿದ ಬಳೆಯನ್ನು ಕೊರೆದ ಮೈ ಕೆಳಗಾಗಿ ಇಳಿಸಿ, ಎತ್ತಿ ಮಗುಚುವುದು. ತಾಗಿದ ಕಡೆಯೆಲ್ಲ ಹಿಟ್ಟು ಹತ್ತಿರುತ್ತದೆ. ಬಳೆ ಇಳಿಯಿತು. ಟಕ್ ಎನ್ನಲಿಲ್ಲ. ಮಗುಚಿದರೆ ಸುತ್ತಲೂ, ಎಲ್ಲೂ ತುಂಡಾಗದೆ, ಹಿಟ್ಟಿನ ಉಂಗುರ. ಮಲಕಾಜಪ್ಪ ಬೆರಳಿಟ್ಟು ಒಂದು ಸುತ್ತು ಬಂದ, ನಂಬದೆ ಇನ್ನೊಂದು ಸುತ್ತು ಬಂದ. ಆಮೇಲೆ ಬೆರಳು ನೋಡಿಕೊಂಡು, “ಹಿಟ್ಟು ದಂಡ ಆತು,” ಎಂದ. ಹಾಗೆಂದವನೇ ಮೊದಲು ಚಪ್ಪಾಳೆ ತಟ್ಟಿದ. ತೋಟವ್ವ ಆ ಹಿಟ್ಟನ್ನು ಹುಬ್ಬಿಲ್ಲದ ಹಣೆಗೆ ಒಂದಿಷ್ಟು ಹಚ್ಚಿಕೊಂಡರು. ಒಲೆ ಉಳಿಯಿತು. ಮುಚ್ಚಳದಿಂದ ಹೊರಬರುವ ಉಳಿಕೆ ಬಿಸಿಯಲ್ಲಿ ರೊಟ್ಟಿ ಬೇಯಿಸಿಕೊಳ್ಳಲು ಮಲಕಾಜಪ್ಪನಿಗೂ ಒಂದು ಮೂಲೆ ಸಿಕ್ಕಿದೆ. ಹಾಡು ಮಾತ್ರ ಬದಲಾಗಿದೆ, ಅದು ನನ್ನ ಪಾಲಿನ ಕೆಲಸ:

ಮೂವರು ಹೊರಲಿ, ಉಳಿದವರು ತಾಗಲಿ,
ತಾಗಿದ ಮೇಲೆಯೇ ಬೆಣೆ ಬಿಗಿಯಾಗಲಿ.

ಹಳೇಕಾಲದ ಮನೆಯ ಆ ಬರಹವನ್ನು ಇವತ್ತು ಅಳಿಸಿ ಬಂದೆ. ಹೊರೆಗಳ್ಳರು ನೀವಲ್ಲ. ಇಷ್ಟು ವರ್ಷ ಮಕ್ಕಳ ಕೈಯಲ್ಲಿ ನಿಮ್ಮನ್ನು ಅಣಕ ಮಾಡಿಸಿದ್ದಕ್ಕೆ ಊರಿನ ಪರವಾಗಿ ಕ್ಷಮೆ ಕೇಳುತ್ತೇನೆ. ಅದರ ಜೊತೆಗೆ ಒಂದು ಕೋರಿಕೆ. ನಿಮಗೆ ಈ ವಿಷಯ ಕೈಯಲ್ಲೇ ಇತ್ತು, ಬಾಯಲ್ಲಿ ಹೇಳುವ ಅಗತ್ಯವೇ ಕಾಣಲಿಲ್ಲ. ನಮಗೆ ಕಬ್ಬಿಣ ಸಿಕ್ಕಿತು, ಕಾರಣ ಸಿಗಲಿಲ್ಲ. ನಿಮ್ಮ ಮುಂದಿರುವ ಹಲಗೆಯಲ್ಲಿ ಅಂಥ ಕಾಲುಗಳಿದ್ದರೆ, ಹೊರದೆ ಬರೀ ಮುಟ್ಟಿಕೊಂಡಿರುವಂಥವು, ದಯವಿಟ್ಟು ಅವುಗಳ ಮೈಮೇಲೆ ಒಂದು ಸಾಲು ಕೊರೆದಿಡಿ, ಇವು ಇಲ್ಲಿ ಏಕೆ ನಿಂತಿವೆ ಎಂದು. ಪ್ರಾಸ ಇದ್ದರೆ ಒಳ್ಳೆಯದು. ಇಲ್ಲದಿದ್ದರೂ ಚಿಂತೆಯಿಲ್ಲ, ಸೇರಿಸಿಕೊಳ್ಳಲು ಈ ತುದಿಯಲ್ಲಿ ನಾನಿದ್ದೇನೆ.

ನಿಮ್ಮ ದೂರದ ನೆಂಟ,
ಉಡಚಪ್ಪ
ಆನುಗಾಲು ಹೊಂದಿಸುವವನು, ಬಿಸಿಮನೆ